ಹಕ್ಕಿ ಬಿತ್ತಿದ ಸಾಲು

ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಪಕ್ಕಾ ಕಳ್ಳಿ. ಲೋಕದ ಕಳ್ಳರೆಲ್ಲ ಕಂಡವರ ಹೊಲದಿಂದ ಕದ್ದು ತಂದರೆ, ಈಕೆ ಕಂಡವರ ಹೊಲಕ್ಕೆ ಕದ್ದು ಹಾಕಿ ಬರುತ್ತಿದ್ದಳು! ಸೆರಗಿನ ತುದಿಯಲ್ಲಿ ಸದಾ ಪುಂಡಿಸೊಪ್ಪಿನ ಬೀಜದ ಗಂಟು. ಮೆತ್ತಗಿನ ಮಣ್ಣು ಕಂಡರೆ ಕೈ ಸುಮ್ಮನಿರದು. ಕಾಲಂತೂ ಹುಟ್ಟಿದಾಗಿನಿಂದ ಸುಮ್ಮನಿದ್ದದ್ದೇ ಇಲ್ಲ. ಒಮ್ಮೆ ಘತ್ತರಗಿಗೆ ಹೋದಾಗ ಗುಡಿಯ ಮುಂದೆ ನಿಂತ ಹೆಂಗಸರ ಹತ್ತಿರವೆಲ್ಲ ಬೀಜ ಬೇಡುತ್ತ ಬೇಡುತ್ತ ಒಳಗೆ ಹೋಗದೆ ಹಾಗೇ ಬಂದುಬಿಟ್ಟಳು. ಭಾಗ್ಯವಂತಿ ದೇವಿಗೆ ಕೈಮುಗಿಯುವುದು ನೆನಪಾದದ್ದು ತಿರುಗಿ ಬಂದು ಅತನೂರಿನಲ್ಲಿ ಬಸ್ಸಿಳಿದ ಮೇಲೆ!

ನಮ್ಮ ಕಡೆ ಜೋಳ, ತೊಗರಿಯ ನಡುವೆ ಅಲ್ಲಲ್ಲಿ ಒಂದು ಸಾಲು ಪುಂಡಿ, ಹೆಸರು, ಅಲಸಂದಿ ಬಿತ್ತುತ್ತಾರೆ. ಅದು ಅಕ್ಕಡಿ ಸಾಲು, ಹೆಂಗಸರ ಸಾಲು. ಅಲ್ಲಿ ಬೆಳೆದದ್ದು ನೇರ ಅಡುಗೆಮನೆಗೆ. ಸೂರ್ಯಕಾಂತಿ ಹೊಸದಾಗಿ ಬಂದ ಕಾಲ. ಅಫಜಲಪುರದ ಬೀಜದ ಅಂಗಡಿಯವನ ಮಾತು ಕೇಳಿ ಅಪ್ಪ ಅಕ್ಕಡಿ ಬಂದ್ ಮಾಡಿದ. ಬಿತ್ತುವ ದಿನ ಅತ್ತೆ ಹೊಲಕ್ಕೆ ಕಾಲಿಡಬಾರದೆಂದು ಹುಕುಂ ಬೇರೆ. ಅವಳು ಬುತ್ತಿ ಕೊಟ್ಟು ಬರುತ್ತೇನೆಂದು ಹೋದಳು. ಬುತ್ತಿ ಕೊಡಲು ಅರ್ಧ ದಿನ ಬೇಕೇ?

ಕೆಲವು ದಿನಕ್ಕೆ ಸೂರ್ಯಕಾಂತಿಯ ನಡುವೆ ಪುಂಡಿ ತಲೆಯೆತ್ತಿತು. ಅಪ್ಪ ಕೆಂಡವಾದ.

"ಹಕ್ಕಿ ಹಾಕಿರ್ಬೇಕು, ತಮ್ಮಾ."

"ಹಕ್ಕಿ ಹಿಂಗ ಸಾಲು ಹಿಡ್ದು ಬಿತ್ತತಾವೇನಕ್ಕಾ?"

"ನಮ್ಮೂರ ಹಕ್ಕಿ ಭಾಳ ಶ್ಯಾಣ್ಯಾ ಅವ."

ಅಪ್ಪ ಕೀಳಲು ಬಗ್ಗಿದ. ಅತ್ತೆ ಅವನ ಕೈ ಹಿಡಿದಳು.

"ನಿನ್ನ ಹೆಂಡ್ತಿ ಗ್ವಾಡಿ ಹಿಡ್ದು ಏಳಾಕತ್ತ್ಯಾಳ. ನೋಡೀಯೇನು?"

ಅಪ್ಪ ನೋಡಿರಲಿಲ್ಲ. ತಂಗಿ ಹುಟ್ಟಿ ನಾಲ್ಕು ತಿಂಗಳಾಗಿತ್ತು. ಎಲ್ಲರೂ ಉಂಡೆದ್ದ ಮೇಲೆ ಅವ್ವನಿಗೆ ಉಳಿಯುತ್ತಿದ್ದದ್ದು ರೊಟ್ಟಿ, ಖಾರದಪುಡಿ ಅಷ್ಟೇ. ಕೂಸಿಗೆ ಹಾಲೂ ಸಾಲುತ್ತಿರಲಿಲ್ಲ. ಅಪ್ಪ ಪುಂಡಿ ಕೀಳದೆ ಮನೆಗೆ ನಡೆದ.

ಅಂದಿನಿಂದ ಅತ್ತೆಯ ದರ್ಬಾರು ಶುರುವಾಯಿತು. ಪುಂಡಿಪಲ್ಯ, ಹೆಸರುಬ್ಯಾಳಿ ಮಾಡಿ ಮೊದಲು ಅವ್ವನನ್ನು ಕೂರಿಸಿ ಬಡಿಸುವಳು. ಅವಳು ಉಣ್ಣುವವರೆಗೆ ಬಾಗಿಲು ಹಾಕಿಡುವಳು. ಹಸಿದ ಅಪ್ಪ ಕಟ್ಟೆಯ ಮೇಲೆ ಕೂತು ಕೆಮ್ಮುವನು. ಕೆಮ್ಮಿಗೆ ಬಾಗಿಲು ತೆರೆಯುತ್ತದೆಯೇ?

ಮರುವರ್ಷ ಬಿತ್ತನೆ. ಐದು ಸಾಲು ಮುಗಿಸಿ ಅಪ್ಪ ಎತ್ತು ನಿಲ್ಲಿಸಿದ. ಬದುವಿನ ಮೇಲೆ ಚಡಪಡಿಸುತ್ತಿದ್ದ ಅತ್ತೆಯ ಕಡೆ ತಿರುಗಿ, "ಅಕ್ಕಾ, ನಿನ್ನ ಹಕ್ಕಿ ಕರೀ" ಅಂದ.

ಜನ್ಮದಲ್ಲಿ ಒಂದು ಗಳಿಗೆ ನಿಲ್ಲದವಳು ನಿಂತೇಬಿಟ್ಟಳು. ಕಣ್ಣು ತುಂಬಿ ಸೆರಗಿನ ಗಂಟೇ ಕಾಣದಾಯಿತು ಅವಳಿಗೆ. ಆಗ ಅವ್ವ, ಗೋಡೆ ಹಿಡಿದು ಏಳುತ್ತಿದ್ದ ನಮ್ಮವ್ವ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬದುವಿನುದ್ದಕ್ಕೂ ಓಡಿಬಂದು ಗಂಟು ಬಿಚ್ಚಿಕೊಟ್ಟಳು.