ಬೆಣ್ಣೆಯೋ ಜೇನೋ

ದರ್ಜಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಅವಳಿಗೆ ಬಣ್ಣ ತಿಳಿಯುವುದಿಲ್ಲ. ತನಗೋ, ಬಟ್ಟೆಯನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಇನ್ನೂರು ರೀಲುಗಳ ನಡುವೆ ಅದಕ್ಕೊಪ್ಪುವ ದಾರ ತಾನಾಗಿ ಎದ್ದು ಬರುತ್ತದೆ. ಗಿರಾಕಿಗಳು ಬರುವುದೇ ಆ ಕಣ್ಣನ್ನು ನಂಬಿ. (ಕತ್ತರಿ, ಟೇಪು, ಹೊಲಿಗೆ ಯಂತ್ರ ಇವೆಲ್ಲ ಆ ಮಹಾಪ್ರಭುವಿನ ಆಳುಕಾಳುಗಳು.)

ಹೀಗಿರಲು ಪಡಸಾಲೆಗೆ ಬಣ್ಣ ಹೊಡೆಸುವ ಯೋಗ ಬಂತು. ಪೇಂಟರು ಗೋಡೆಯ ಮೇಲೆ ಎರಡು ತೇಪೆ ಬಳಿದ. ಒಂದು ಬೆಣ್ಣೆ ಹಳದಿ, ಇನ್ನೊಂದು ಜೇನು ಹಳದಿ. ಹೆತ್ತ ತಾಯಿಯೂ ತಬ್ಬಿಬ್ಬಾಗುವಂಥ ಅವಳಿಗಳು.

"ಬೆಣ್ಣೆ ಇರ್ಲಿ ರೀ," ಎಂದಳು ಹೆಂಡತಿ.

"ಅದು ಹಳದಿಯೇನೇ? ಸುಣ್ಣಕ್ಕೆ ಜ್ವರ ಬಂದ ಹಾಗಿದೆ. ಜೇನೇ ಹೊಡೀಲಿ."

"ಜೇನು ಕಣ್ಣಿಗೆ ರಾಚುತ್ತೆ. ಇದೊಂದು ಸಲ ನನ್ನ ಮಾತು ಕೇಳಿ."

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ! ಹೋಗು, ಒಲೆ ಮೇಲೆ ಏನಿದೆ ನೋಡು."

ಎಂದೂ ಎದುರಾಡದವಳು ಈ ಸಲ ಉಡದ ಪಟ್ಟು ಹಿಡಿದಳು. ಬೇಡಿದಳು, ಅತ್ತಳು, ಎರಡು ಹೊತ್ತು ಊಟ ಬಿಟ್ಟಳು. ಹನ್ನೊಂದನೆಯ ದಿನ ಪೇಂಟರು, "ಯಜಮಾನ್ರೇ, ಡಬ್ಬ ತೆಗೀಲೋ, ಏಣಿ ಹೊತ್ಕೊಂಡು ಮನೆಗೆ ಹೋಗ್ಲೋ?" ಎಂದ. ಜೇನೇ ಗೆದ್ದಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಮುಂದಿನ ತಿಂಗಳು ಸೂಜಿಗೆ ದಾರ ಪೋಣಿಸಲಾಗದೆ ದರ್ಜಿ ಕಣ್ಣಿನ ವೈದ್ಯರಲ್ಲಿಗೆ ಹೋದ. "ಎರಡೂ ಕಣ್ಣಿಗೆ ಪೊರೆ ಬಲಿತಿದೆ. ಮೂರು ವರ್ಷದಿಂದ ನಿಮಗೆ ಬಣ್ಣಗಳು ಸರಿಯಾಗಿ ಕಂಡೇ ಇರಲ್ಲ," ಎಂದರು ಅವರು. ಒಂದಾದ ಮೇಲೊಂದು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಬಿಚ್ಚಿಸಿಕೊಂಡು ಮನೆಯ ಬಾಗಿಲು ತೆರೆದರೆ, ಗೋಡೆ ಕಪಾಳಕ್ಕೆ ಬಾರಿಸಿತು.

"ಯಾವನೇ ಇದನ್ನ ಬಳಿದೋನು?"

"ನೀವು ಆರಿಸಿದ್ದೇ."

ಗೋಡೆ ಹಾಳಾಗಲಿ, ಅದಕ್ಕಿಂತ ದೊಡ್ಡ ಹುಳವೊಂದು ದರ್ಜಿಯ ತಲೆಗೆ ಹೊಕ್ಕಿತು.

"ಹಾಗಾದ್ರೆ ಮೂರು ವರ್ಷದಿಂದ ನಾನು ಹಾಕಿದ ದಾರ? ಒಬ್ಬ ಗಿರಾಕಿಯೂ ತಕರಾರು ಎತ್ತಲಿಲ್ವಲ್ಲೇ!"

"ನೀಲಿಗೆ ಕಪ್ಪು ಹಾಕ್ತಿದ್ರಿ, ಹಸಿರಿಗೆ ಕಂದು. ಮಧ್ಯಾಹ್ನ ನೀವು ಗೊರಕೆ ಹೊಡೆಯೋವಾಗ ಬಿಚ್ಚಿ, ಸರಿ ದಾರದಲ್ಲಿ ಹೊಲಿದಿಡ್ತಿದ್ದೆ."

ದರ್ಜಿ ತಾನು ತೊಟ್ಟಿದ್ದ ಅಂಗಿಯ ಹೊಲಿಗೆಯನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಅಷ್ಟನ್ನೆಲ್ಲ ಬಾಯಿ ಮುಚ್ಕೊಂಡು ಮಾಡಿದೋಳು, ಈ ಗೋಡೆಗೆ ಮಾತ್ರ ಯಾಕೆ ಹನ್ನೊಂದು ದಿನ ಜಗಳ ಆಡಿದೆ?" ಎಂದ.

"ಗೋಡೇನ ಬಿಚ್ಚಿ ಹೊಲಿಯೋಕಾಗಲ್ವಲ್ಲ ರೀ."