ಬೆಲ್ಟಿನ ಮಾವಶಿ, ಮೋಟರಿನ ಕಾಕಾ

ಕಪಾಟು ತುಂಬ ಗ್ರಾಮಫೋನ್ ರೆಕಾರ್ಡು ಇಟ್ಟುಕೊಂಡಿರುವ ನಮ್ಮ ಮಾವಶಿ ಜನ್ಮದಲ್ಲಿ ಒಂದು ಹಾಡನ್ನೂ ಕೇಳಿದವಳಲ್ಲ. ಸುಳ್ಳೆನಿಸಿದರೆ ಪುಣೆಗೆ ಬನ್ನಿ. ಸದಾಶಿವ ಪೇಠದ ಅವಳ ಮನೆಯಲ್ಲಿ ಒಂದು ಸಂಜೆ ಕುಳಿತು ನೋಡಿ. ರೆಕಾರ್ಡು ತಿರುಗುತ್ತಿರುತ್ತದೆ, ಯಾರೋ ಮಹಾನುಭಾವರು ಜೀವ ಒತ್ತೆಯಿಟ್ಟು ಪೂರಿಯಾ ರಾಗ ಹಾಡುತ್ತಿರುತ್ತಾರೆ, ನೀವು ಕಣ್ಣು ಮುಚ್ಚಿ ತಲೆದೂಗುತ್ತಿರುತ್ತೀರಿ. ಅಷ್ಟರಲ್ಲಿ ಮಾವಶಿ ನಿಮ್ಮ ಮೊಣಕೈ ತಿವಿಯುತ್ತಾಳೆ.

"ಹಾಡಿಂದು ಬಿಡು. ಅದರ ಕೆಳಗ ಗುಂಯ್ ಅಂತದಲ್ಲ, ಅದು ಕೇಳಿಸ್ತದೇನು?"

ನನಗೆ ಕೇಳಿಸುವುದು ಅಡಿಗೆಮನೆಯ ಕುಕ್ಕರಿನ ಸೀಟಿ ಮಾತ್ರ. ಹಾಗೆಂದರೆ ಅವಳು ನನ್ನನ್ನು ಕನಿಕರದಿಂದ ನೋಡುತ್ತಾಳೆ.

ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದಲ್ಲಿ ಓದಿ, ಮದುವೆಯಾಗಿ ಪುಣೆಗೆ ಬಂದ ಹಲ್ಲಿನ ಡಾಕ್ಟರು. ಕಾಲೇಜಿನ ದಿನಗಳಿಂದಲೇ ಹಲ್ಲು ಕೊರೆಯುವ ಯಂತ್ರದ ಗಿರ್ರೆನ್ನುವ ಸದ್ದು ಕೇಳಿ ಕೇಳಿ, ಜಗತ್ತಿನ ಮೋಟರುಗಳ ಮೇಲೆಲ್ಲ ಅವಳಿಗೊಂದು ಹಗೆ ಹುಟ್ಟಿಕೊಂಡಿತು. ಹಗೆ ಇದ್ದವರು ಸಾಮಾನ್ಯವಾಗಿ ದೂರ ಇರುತ್ತಾರಲ್ಲವೇ? ಇವಳು ಹೋಗಿ ಮೋಟರು ಕಾರ್ಖಾನೆಯ ಎಂಜಿನಿಯರನ್ನೇ ಮದುವೆಯಾದಳು. ಅವರೇ ನಮ್ಮ ಕಾಕಾ.

ಹೀಗಾಗಿ ಆ ಮನೆಯ ಪಡಸಾಲೆಯಲ್ಲಿ ಎರಡು ರೆಕಾರ್ಡ್ ಪ್ಲೇಯರುಗಳಿವೆ. ಪೂರ್ವದ ಗೋಡೆಗೆ ಮಾವಶಿಯದು, ಪಶ್ಚಿಮದ ಗೋಡೆಗೆ ಕಾಕಾನದು. ಮಾವಶಿಯ ಯಂತ್ರದಲ್ಲಿ ಮೋಟರು ಒಂದು ಮೂಲೆಯಲ್ಲಿ ಬೇರೆಯಾಗಿ ಕುಳಿತು, ರಬ್ಬರಿನ ತೆಳ್ಳನೆಯ ಬೆಲ್ಟಿನಿಂದ ತಟ್ಟೆಯನ್ನು ತಿರುಗಿಸುತ್ತದೆ. ಕಾಕಾನ ಯಂತ್ರದಲ್ಲಿ ಬೆಲ್ಟು ಗಿಲ್ಟು ಏನೂ ಇಲ್ಲ, ಮೋಟರು ನೇರವಾಗಿ ತಟ್ಟೆಯ ಹೊಟ್ಟೆಯಲ್ಲೇ ಇದೆ. ಇಷ್ಟೇ ವ್ಯತ್ಯಾಸ. ಇದರ ಮೇಲೆ ಒಂದು ಸಂಸಾರ ನಡೆದಿದೆ.

"ಮೋಟರ್ ಅಂದ್ರ ಆಕಳಿದ್ದಂಗ," ಎನ್ನುತ್ತಾಳೆ ಮಾವಶಿ. "ಅದರ ಹಾಲು ಬೇಕು, ಖರೇ. ಹಂಗಂತ ಅದನ್ನ ತಂದು ದೇವರಮನ್ಯಾಗ ಕಟ್ತಾರೇನ್ರಿ?"

"ಡಾಕ್ಟರ್ರ, ನೀವು ರಬ್ಬರ್ ನಂಬೀರಿ," ಎನ್ನುತ್ತಾರೆ ಕಾಕಾ. ವಾದಕ್ಕಿಳಿದಾಗ ಅವರು ಹೆಂಡತಿಗೆ ಬಹುವಚನ ಹಚ್ಚುತ್ತಾರೆ. "ಬ್ಯಾಸಗಿ ಬಂದ್ರ ರಬ್ಬರ್ ಜೋಲು ಬೀಳತದ. ರಬ್ಬರ್ ಜೋಲು ಬಿದ್ರ ಭೈರವಿನೂ ಜೋಲು ಬೀಳತದ."

ಒಂದು ಭಾನುವಾರ ಈ ಜಗಳಕ್ಕೆ ಶಾಶ್ವತ ತೀರ್ಪು ಕೊಡಲು ನನ್ನನ್ನು ನೇಮಿಸಿದರು. ಕಣ್ಣಿಗೆ ನನ್ನದೇ ಓಢಣಿ ಕಟ್ಟಿ ಕುರ್ಚಿಯ ಮೇಲೆ ಕೂರಿಸಿದರು. ಒಂದೇ ಹಾಡನ್ನು ಎರಡು ಸಲ ಹಚ್ಚುತ್ತೇವೆ, ಯಾವುದು ಚೆಂದವೋ ಹೇಳು ಎಂದರು. ಮೊದಲನೆಯದು ಕೇಳಿದೆ. ನಂತರ ಏನೋ ಸರಬರ, ಏನೋ ಪಿಸುಪಿಸು, ಆಮೇಲೆ ಎರಡನೆಯದು. ನಾನು ತುಂಬ ಯೋಚಿಸಿದವಳಂತೆ ಗದ್ದ ಸವರಿಕೊಂಡು, "ಎರಡನೇದು. ಅದರಾಗ ಏನೋ ಒಂದು ಆಪ್ತತಾ ಅದ," ಎಂದೆ.

ಓಢಣಿ ಬಿಚ್ಚಿ ನೋಡಿದರೆ ಫ್ಯಾನು ನಿಂತಿದೆ. ಕರೆಂಟು ಹೋಗಿತ್ತು. ಪರೀಕ್ಷೆ ನಿಲ್ಲಬಾರದೆಂದು ಕಾಕಾ ಆ ಹಾಡನ್ನು ತಮ್ಮ ಮೊಬೈಲಿನಲ್ಲಿ ಹಚ್ಚಿ ನನ್ನ ಮುಂದೆ ಹಿಡಿದಿದ್ದರು.

ಮದುವೆಯಾದ ಮೇಲೆ ಆ ದಂಪತಿಗಳು ಮೊದಲ ಸಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅಂದೇ ಇರಬೇಕು: ಇವಳ ಕಿವಿ ಕೆಲಸಕ್ಕೆ ಬಾರದು.

ಇಂಥ ಕಿವಿಯ ನಾನೂ ಒಂದು ಪ್ಲೇಯರು ಕೊಳ್ಳಲು ಹೊರಟೆ ನೋಡಿ. ಹಿಂಜವಾಡಿಯಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದೆ, ಹಾಲಿನ ಒಂದು ಮೂಲೆ ಖಾಲಿ ಇತ್ತು, ಆಫೀಸಿನ ಗೆಳತಿಯರ ಮನೆಗಳಲ್ಲೆಲ್ಲ ಈಗ ಇದೇ ಹೊಸ ಷೋಕಿ. ಮಾವಶಿಯನ್ನು ಕೇಳಿದೆ.

"ಯಾಕ ಬೇಕು? ನೋಡ್ಲಿಕ್ಕೋ, ಕೇಳ್ಲಿಕ್ಕೋ?"

"ಎರಡಕ್ಕೂ," ಎಂದೆ.

"ಹಂಗಾದ್ರ ಕಷ್ಟ ಅದ," ಎಂದು ಚೀಲ ಹೆಗಲಿಗೇರಿಸಿದಳು.

ಕ್ಯಾಂಪ್ ಬಡಾವಣೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಸೇಲ್ಸ್‌ಮನ್ ಮಹಾಶಯ ಟೈ ಸರಿಪಡಿಸಿಕೊಂಡು ಮರಾಠಿಯಲ್ಲಿ ವರ್ಣನೆ ಶುರು ಮಾಡಿದ. ಮಾವಶಿ ಚೀಲದಿಂದ ಗೌಂಡಿಗಳು ಗೋಡೆಗೆ ಹಿಡಿಯುವ ರಸಮಟ್ಟ ತೆಗೆದು ತಟ್ಟೆಯ ಮೇಲಿಟ್ಟಳು. ಅದರೊಳಗಿನ ಗುಳ್ಳೆ ಅಲ್ಲಾಡದೆ ನಿಲ್ಲುವವರೆಗೆ ಉಸಿರಾಡಲಿಲ್ಲ. ಆಮೇಲೆ ದವಾಖಾನೆಯ ಭೂತಗನ್ನಡಿಯ ಚಷ್ಮಾ ಏರಿಸಿ, ಸೂಜಿಗೆ ಮೂಗು ತಾಗುವಷ್ಟು ಬಗ್ಗಿ, ನೆಟ್ಟಗಾಗಿ, ಗಂಭೀರವಾಗಿ ಹೇಳಿದಳು: "ಸುಈ ಕಿಡ್ಲಿ ಆಹೆ."

ಸೂಜಿಗೆ ಹುಳುಕು ಹಿಡಿದಿದೆ! ಬಂದ ಗಿರಾಕಿಗಳಿಗೆಲ್ಲ ಅದೇ ಯಂತ್ರ ಹಚ್ಚಿ ತೋರಿಸಿ ಸೂಜಿ ಸವೆದಿತ್ತಂತೆ. ಸೇಲ್ಸ್‌ಮನ್ ಬಾಯಿ ತೆರೆದು ನಿಂತ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯಬಾರದೆಂದು ಪಾಪ, ಅವನಿಗೇನು ಗೊತ್ತು? ಮಾವಶಿ ಚಷ್ಮಾ ಸಮೇತ ಅತ್ತ ತಿರುಗಿ ಒಳಗೆ ಇಣುಕಿದಳು. ನಾವು ಪ್ಲೇಯರು ಕೊಳ್ಳದೆ ಮರಳಿದೆವು. ಮರುವಾರ ಅವನು ದವಡೆ ಹಿಡಿದುಕೊಂಡು ಅವಳ ದವಾಖಾನೆಗೆ ಬಂದ.

ನಗೆಯಾಡಿದರೂ ಒಂದು ಮಾತು ಒಪ್ಪಲೇಬೇಕು. ಸೂಜಿಯನ್ನು ರೆಕಾರ್ಡಿನ ಮೇಲೆ ಇಳಿಸುವಾಗ ಅವಳ ಕೈಯನ್ನು ನೋಡಬೇಕು. ಮಲಗಿದ ಕೂಸಿನ ಹಣೆ ಮುಟ್ಟುವಷ್ಟು ಹಗುರ. ಅವಳ ರೋಗಿಗಳೂ ಅದನ್ನೇ ಹೇಳುತ್ತಾರೆ, ಇಂಜೆಕ್ಷನ್ ಯಾವಾಗ ಕೊಟ್ಟರೆಂದೇ ತಿಳಿಯಲಿಲ್ಲ ಎಂದು. ಬೀದಿಯಲ್ಲಿ ಬಸ್ಸು ಹೋದರೆ ಸೂಜಿ ನಡುಗೀತೆಂದು ಅವಳು ಗೋಡೆಗೆ ಕಬ್ಬಿಣದ ಕೈ ಹೊಡೆಸಿ, ಮೇಲೆ ಶಹಾಬಾದಿ ಫರಸಿಕಲ್ಲು ಇರಿಸಿ, ಅದರ ಮೇಲೆ ದಪ್ಪ ರಬ್ಬರಿನ ಕಾಲುಗಳ ಯಂತ್ರ ಕೂರಿಸಿದ್ದಾಳೆ. ರೆಕಾರ್ಡು ತಿರುಗುವಾಗ ಮನೆಯವರು ತುದಿಗಾಲಲ್ಲಿ ನಡೆಯಬೇಕು. ಗಣಪತಿ ವಿಸರ್ಜನೆಯ ದಿನ ಢೋಲುಗಳು ಬೀದಿಗಿಳಿದವೆಂದರೆ ಯಂತ್ರಕ್ಕೆ ಕೌದಿ ಹೊದಿಸಿ ರಜೆ ಕೊಡುತ್ತಾಳೆ.

"ಅಷ್ಟಕ್ಕೂ ಒಳ್ಳೆ ಪ್ಲೇಯರ್ ಅಂದ್ರ ಯಾವುದು ಮಾವಶಿ? ಒಂದ ಮಾತಿನ್ಯಾಗ ಹೇಳು," ಎಂದು ಒಮ್ಮೆ ಬೇಸತ್ತು ಕೇಳಿದ್ದೆ.

"ನಾ ಇಲ್ಲೆ ಅದೇನಿ ಅಂತ ತೋರಿಸಿಕೊಳ್ಳಬಾರದು, ಅದ ಒಳ್ಳೇದು," ಎಂದಳು.

ಅದನ್ನು ಕೇಳಿದಾಗಿನಿಂದ ನಾನು ಅವಳ ಮುಂದೆ ಹೆಚ್ಚು ನಕ್ಕಿಲ್ಲ.

ಹೋದ ವರ್ಷ ಒಂದು ಸಂಜೆ ನಾನು ಹೋದಾಗ ಮಾವಶಿ ಎಂದಿನಂತೆ ಕಾಕಾನನ್ನು ಕೆಣಕುತ್ತಿದ್ದಳು. ತನ್ನ ಯಂತ್ರಕ್ಕೆ ಹೊಸ ಬೆಲ್ಟು ಹಾಕಿದ್ದಳು. "ಈಗ ಹೇಳ್ರಿ, ಹೆಂಗದ? ಮೋಟರಿನ ಸದ್ದು ಎಲ್ಲೆರ ಅದ ಏನು?"

ಕಾಕಾ ಮುಗುಳ್ನಕ್ಕು ಹೇಳಿದರು: "ಇಲ್ಲ. ನೀ ಹೇಳೋದ ಖರೇ."

ಮಾವಶಿಯ ಮುಖ ಬಿಳಿಚಿಕೊಂಡಿತು. ಬೇರೆ ಹೆಂಡತಿಯಾಗಿದ್ದರೆ ಗೆದ್ದೆನೆಂದು ಪಾಯಸ ಮಾಡುತ್ತಿದ್ದಳು. ಇವಳು ಮರುದಿನ ಬೆಳಿಗ್ಗೆಯೇ ಅವರನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅನುಮಾನ ನಿಜವಾಗಿತ್ತು. ಎರಡೂ ಕಿವಿ ಬಹುಪಾಲು ಹೋಗಿದ್ದವು. ಬಹಳ ದಿನಗಳಿಂದ ಅವರು ತುಟಿ ನೋಡಿಯೇ ಮಾತು ಅಂದಾಜು ಮಾಡುತ್ತಿದ್ದರು, ಯಾರಿಗೂ ಹೇಳಿರಲಿಲ್ಲ.

ಕಿವಿಯ ಯಂತ್ರ ಹಾಕಿಸಿದರು. ಅದರಿಂದ ಮಾತು ಅಷ್ಟಿಷ್ಟು ತಿಳಿಯಿತು, ಸಂಗೀತ ಮಾತ್ರ ತಗಡಿನ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂತೆ ಕೇಳುತ್ತದೆ ಎಂದರು ಕಾಕಾ. ತಮ್ಮ ಪ್ಲೇಯರಿಗೆ ಬಟ್ಟೆ ಹೊದಿಸಿದರು. ಮಾವಶಿಯೂ ತನ್ನದನ್ನು ಹಚ್ಚುವುದು ಬಿಟ್ಟಳು. ಆ ಮನೆಯಲ್ಲಿ ಜಗಳವೂ ಇಲ್ಲ, ಹಾಡೂ ಇಲ್ಲ. ಅಂಥ ಮನೆಗೆ ಹೋಗಲು ನನಗೆ ಕಾಲೇ ಬರುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಮಾವಶಿಯ ಫೋನು ಬಂತು. "ಜುನಾ ಬಾಜಾರಕ್ಕ ಹೋಗೂಣು ಬಾ."

ಹಳೆಯ ಸಾಮಾನಿನ ಆ ಸಂತೆಯಲ್ಲಿ ಅವಳು ಪೆಟ್ಟಿಗೆಯ ಪ್ಲೇಯರುಗಳನ್ನು ಹುಡುಕತೊಡಗಿದಳು. ಸ್ಪೀಕರೂ ಒಳಗೇ ಇರುವ, ಹಚ್ಚಿದರೆ ಮೈಯೆಲ್ಲ ಗದಗದ ನಡುಗುವ ಮರದ ಪೆಟ್ಟಿಗೆಗಳು. ಒಂದೊಂದನ್ನೇ ಹಚ್ಚಿಸುವಳು, ಮುಚ್ಚಳದ ಮೇಲೆ, ಪಕ್ಕದ ಹಲಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುವಳು, ಬ್ಯಾಡ ಎಂದು ಮುಂದೆ ಹೋಗುವಳು. ಕೊನೆಗೆ ಒಂದನ್ನು ಆರಿಸಿದಳು.

"ಮಾವಶಿ, ಇದು ಎಲ್ಲಾದಕ್ಕಿಂತ ಹೆಚ್ಚು ನಡುಗತದ," ಎಂದೆ.

"ಅದಕ್ಕ ತಗೊಂಡೀನಿ," ಎಂದಳು.

ಮನೆಗೆ ತಂದು ಅದರ ರಬ್ಬರಿನ ಕಾಲು ಕಿತ್ತೆಸೆದಳು. ಫರಸಿಯ ಮೇಲೆ ಇಡಲಿಲ್ಲ, ಊಟದ ಟೇಬಲಿನ ತೆಳು ಹಲಗೆಯ ಮೇಲಿಟ್ಟಳು. ಮೃದಂಗದಂಥ ಪಖವಾಜದ ಒಂದು ರೆಕಾರ್ಡು ಹಾಕಿದಳು. ಏನೂ ಹೇಳದೆ ಕಾಕಾನನ್ನು ಕರೆತಂದು ಕೂರಿಸಿ, ಅವರ ಎರಡೂ ಅಂಗೈಗಳನ್ನು ಪೆಟ್ಟಿಗೆಯ ಎರಡು ಬದಿಗೆ ಒತ್ತಿಟ್ಟಳು.

ಮೊದಲು ಕಾಕಾ ಸುಮ್ಮನೆ ನಮ್ಮ ಮುಖ ನೋಡಿದರು. ಆಮೇಲೆ ಅವರ ದೃಷ್ಟಿ ಕೈಗಳ ಮೇಲೆ ಇಳಿಯಿತು. ಬಲಗೈಯ ಹೆಬ್ಬೆರಳು ಮೆಲ್ಲಗೆ ತಾಳ ಹಾಕತೊಡಗಿತು. ತಾಳ ಎಲ್ಲೂ ತಪ್ಪಲಿಲ್ಲ. ಆವರ್ತ ಮುಗಿದು ಸಮ್ ಬಂದ ಕಡೆ ಅವರ ತಲೆ ತಾನಾಗಿ ವಾಲಿತು.

"ಮುಂಜಾನಿಂದ ಊಟ ಮಾಡಿಲ್ಲ ಇವರು," ಎಂದು ಮಾವಶಿ ನನ್ನತ್ತ ತಿರುಗದೆಯೇ ಹೇಳಿದಳು. "ನೀ ಹೋಗಿ ಒಂದಿಷ್ಟು ಅನ್ನಕ್ಕಿಡು. ರೆಕಾರ್ಡಿನ ಇನ್ನೊಂದು ಬದಿನೂ ಆಗಲಿ."

ನಾನು ಅಕ್ಕಿ ತೊಳೆದಿಟ್ಟು ಬಾಗಿಲಿಗೆ ಬಂದು ನೋಡಿದೆ. ಮಾವಶಿ ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತಿದ್ದಳು. ತನ್ನ ಅಂಗೈಯನ್ನೂ ಪೆಟ್ಟಿಗೆಯ ಮೇಲೆ, ಅವರ ಕೈಯ ಪಕ್ಕದಲ್ಲಿ ಇಟ್ಟಿದ್ದಳು.