ಹೂ ಕೀಳಲು ಹೋದ ಮಾವ ಯಾವ ಠಾಣೆಯಲ್ಲಿ?

ಕೆಲವರಿಗೆ ಲಾಟರಿ ಹೊಡೆಯುತ್ತದೆ, ನನಗೆ ಇಂಥವು ಬಂದು ಹೊಡೆಯುತ್ತವೆ. ಅದರಲ್ಲೂ ಈ ಒಂದನ್ನು ಕನ್ನಡದವರು ಎಲ್ಲಿ ಸೇರಿದರೂ ನನ್ನ ಬಾಯಿಂದ ಹೇಳಿಸುತ್ತಾರೆ. ಯುಗಾದಿ ಊಟಕ್ಕೆ ಪಕ್ಕದ ಊರು ಲೆಮಿಂಗ್ಟನ್ ಸ್ಪಾದಿಂದ ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ಹೇಳಲು ಶುರು ಮಾಡಿದರೆ ಕಿವಿ ಬಿಸಿಯಾಗುತ್ತದೆ.

೧. ನಾಯಿ ಹಿಡಿದ ಅಜ್ಜಿ ತಂದ ಸುದ್ದಿ

ಹೊಸ ಶತಮಾನ ಶುರುವಾಗಿ ಆಗಿನ್ನೂ ಎರಡು ಮೂರು ವರ್ಷ. ನಾನು ಮೈಸೂರಿನವನು, ಬರ್ಮಿಂಗ್‌ಹ್ಯಾಮಿನಲ್ಲಿ ಕಂಪ್ಯೂಟರ್ ಕೆಲಸ. ಹೆಂಡತಿ ಧಾರವಾಡದ ಕಡೆಯವಳು, ಆಸ್ಪತ್ರೆಯಲ್ಲಿ ಡಾಕ್ಟರ್. ಆ ಬೇಸಿಗೆಯಲ್ಲಿ ಅದೇ ಊರಿನ ಬಡಾವಣೆಯಾದ ಹಾರ್ಬೋರ್ನ್‌ನ ನಮ್ಮ ಮನೆಗೆ ಅತ್ತೆ, ಮಾವ ಬಂದಿದ್ದರು. ಮಾವ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆಯ ಮನುಷ್ಯ. ಆದರೆ ಬೆಳಿಗ್ಗೆ ಕೊರಳ ಕರಡಿಗೆಯೊಳಗಿನ ಲಿಂಗದ ಪೂಜೆ ಮುಗಿಯದೆ ಒಂದು ಹನಿ ನೀರೂ ಬಾಯಿಗೆ ಬಿಡುವವರಲ್ಲ, ಹೂವಿಲ್ಲದೆ ಪೂಜೆಗೆ ಕೂರುವವರೂ ಅಲ್ಲ.

ಊರಲ್ಲಿ ಅವರ ಅಭ್ಯಾಸವೆಂದರೆ ಬೆಳಿಗ್ಗೆ ವಾಕಿಂಗ್ ಹೋಗಿ, ಯಾರ ಕಾಂಪೌಂಡಿನಿಂದ ಹೂ ಹೊರಗೆ ಇಣುಕಿದರೂ ಕಿತ್ತು ಚೀಲಕ್ಕೆ ಹಾಕಿಕೊಳ್ಳುವುದು. ಬಂದ ದಿನವೇ ನಾನು ಹೇಳಿದ್ದೆ, ಇಲ್ಲಿ ಹಾಗೆಲ್ಲ ಕೀಳುವ ಹಾಗಿಲ್ಲ ಅಂತ. "ದೇವರಿಗೆ ಅಂದ್ರ ಯಾರು ಬ್ಯಾಡ ಅಂತಾರ್ರಿ?" ಅಂದಿದ್ದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ತಪ್ಪು ಅದೊಂದೇ.

ಶನಿವಾರ. ಹೆಂಡತಿಗೆ ಆಸ್ಪತ್ರೆಯ ಪಾಳಿಯಲ್ಲಿ ಬೆಳಗಿನ ಡ್ಯೂಟಿ, ಆಪರೇಷನ್ ಕೋಣೆಯಲ್ಲಿದ್ದಳು. ಆರೂವರೆಗೆ ಹೋದ ಮಾವ ಎಂಟೂವರೆಯಾದರೂ ಬರಲಿಲ್ಲ. ಎದುರು ಮನೆಯ ಇಂಗ್ಲಿಷ್ ಅಜ್ಜಿ ನಾಯಿ ಹಿಡಿದುಕೊಂಡು ಬಂದು ಬಾಗಿಲು ತಟ್ಟಿದರು.

"ನಿಮ್ಮ ಮಾವನವರು ಪೊಲೀಸ್ ಕಾರಿನಲ್ಲಿ ಹೋಗಿದ್ದನ್ನು ನೋಡಿದೆ."

"ಯಾವಾಗ?"

"ಏಳು ಗಂಟೆ ಇರಬೇಕು."

"ಒಂದೂವರೆ ಗಂಟೆ ಆಯಿತಲ್ಲ, ಆಗಲೇ ಹೇಳಬಾರದಿತ್ತೇ?"

"ಶನಿವಾರ ನೀವು ತಡವಾಗಿ ಏಳುತ್ತೀರಿ, ನಿದ್ದೆ ಕೆಡಿಸುವುದು ಬೇಡ ಅನ್ನಿಸಿತು."

೨. ಹೇಳಬಾರದ್ದು

ಅತ್ತೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟರು. "ನೀರ ಸೈತ ಮುಟ್ಟಿಲ್ರಿ ಇವರು. ಸಕ್ರಿ ಇಳದು ಎಲ್ಲಿ ಬಿದ್ದಾರೋ. ಹುಡುಕ್ರಿ ಅವರನ್ನ," ಅಂದರು. ಹತ್ತು ಗಂಟೆಯೊಳಗೆ ಮಾವ ಎರಡು ತುತ್ತು ತಿಂದು ಮಾತ್ರೆ ನುಂಗಬೇಕು. ಹೋದ ವರ್ಷ ಹೀಗೇ ತಡವಾಗಿ ಮದುವೆ ಮನೆಯೊಂದರಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರಂತೆ.

ಪೊಲೀಸರಿಗೆ ಫೋನ್ ಮಾಡಿದೆ. ಮೊದಲು ಪಿಟೀಲು ಸಂಗೀತ ಕೇಳಿಸಿದರು. ಇಪ್ಪತ್ತು ನಿಮಿಷ. ನನ್ನ ಮಾವ ಎಲ್ಲಿದ್ದಾರೆಂದು ಕೇಳುವವನಿಗೆ ಪಿಟೀಲು ಯಾಕೆ ಬೇಕು? ಕೊನೆಗೊಬ್ಬಳು ಹೆಂಗಸು ಮಾತಾಡಿದಳು.

"ಆ ಹೆಸರಿನವರನ್ನು ಯಾವ ಠಾಣೆಯಲ್ಲೂ ದಾಖಲು ಮಾಡಿಲ್ಲ."

"ಕಾರಿನಲ್ಲಿ ಕರೆದುಕೊಂಡು ಹೋಗಿದ್ದನ್ನು ನೋಡಿದವರಿದ್ದಾರೆ."

"ಇದ್ದರೂ ನಾನು ಹೇಳುವಂತಿಲ್ಲ ಸರ್. ಅದು ಅವರ ಖಾಸಗಿ ವಿಷಯ."

"ಸರಿ, ಇಲ್ಲದಿದ್ದರೆ ಇಲ್ಲ ಅಂತ ಹೇಳಬಹುದಲ್ಲ?"

"ಅದನ್ನೂ ಹೇಳುವಂತಿಲ್ಲ."

"ಈಗ ತಾನೇ ಇಲ್ಲ ಅಂದಿರಿ."

ಆಮೇಲೆ ಸಣ್ಣ ದನಿಯಲ್ಲಿ ಅಂದಳು: "ಅದನ್ನು ನಾನು ಹೇಳಬಾರದಿತ್ತು."

೩. ಅಮೆರಿಕದ ಷಡ್ಡಕ

ಸಿಟ್ಟಿನಲ್ಲಿ ಯೋಚನೆ ಓಡಲಿಲ್ಲ. ಅಮೆರಿಕದಲ್ಲಿರುವ ನನ್ನ ಷಡ್ಡಕನನ್ನು, ಅಂದರೆ ಹೆಂಡತಿಯ ತಂಗಿಯ ಗಂಡನನ್ನು, ನಿದ್ದೆಯಿಂದ ಎಬ್ಬಿಸಿದೆ. ಅವನಿಗೆ ಪ್ರಪಂಚದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ.

"ಅಷ್ಟೇನಾ ಭಾವ? ವೆಬ್‌ಸೈಟ್ ನೋಡಿ. ನಮ್ಮ ಕೌಂಟಿ ಜೈಲಿನದ್ದು ಎಷ್ಟು ಚೆನ್ನಾಗಿದೆ ಗೊತ್ತಾ? ಹೆಸರು ಹಾಕಿದರೆ ಸಾಕು, ಯಾವಾಗ ಒಳಗೆ ಹೋದರು, ಯಾವಾಗ ಹೊರಗೆ ಬಂದರು, ಫೋಟೋ ಸಮೇತ ಬರುತ್ತೆ."

ತನ್ನೂರಿನ ಜೈಲಿನ ಬಗ್ಗೆ ಒಬ್ಬ ಮನುಷ್ಯ ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮದು ಆಗ ಫೋನಿನ ತಂತಿಯಲ್ಲೇ ಬರುವ ಇಂಟರ್ನೆಟ್. ಅದು ಕಿರ್ರ್ ಅಂದು ಶುರುವಾಗಿ ಒಂದೊಂದು ಪುಟ ತೆರೆಯುವಷ್ಟರಲ್ಲಿ ಚಪಾತಿ ಲಟ್ಟಿಸಿ ಬೇಯಿಸಬಹುದಿತ್ತು. ಮುಕ್ಕಾಲು ಗಂಟೆ ಹುಡುಕಿದೆ. ಅಮೆರಿಕದ ಕಳ್ಳರು, ಕುಡುಕರು, ಹೆಂಡತಿಯನ್ನು ಹೊಡೆದವರು, ಎಲ್ಲರ ಮುಖವನ್ನೂ ನೋಡಿದೆ. ಈ ದೇಶದಲ್ಲಿ ಹಾಗೆ ಪಟ್ಟಿ ಹಾಕುವುದೇ ಇಲ್ಲವೆಂದು ತಿಳಿಯುವಷ್ಟರಲ್ಲಿ ಗಂಟೆ ಹತ್ತು ದಾಟಿತ್ತು. ಅಷ್ಟು ಹೊತ್ತೂ ಫೋನ್ ಬಂದ್, ಪೊಲೀಸರೇ ಕರೆ ಮಾಡಿದ್ದರೂ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಅತ್ತೆ ಪ್ರತಿ ಫೋಟೋಗೂ "ಇವರಲ್ಲ, ಇವರಲ್ಲ" ಅನ್ನುತ್ತಿದ್ದರು.

ಇಂಟರ್ನೆಟ್ ಕಡಿದ ಕೂಡಲೇ ಫೋನ್ ಹೊಡೆದುಕೊಂಡಿತು. ಹಾರಿ ಹೋಗಿ ಎತ್ತಿದೆ. ಷಡ್ಡಕ.

"ಭಾವ, ಸಮಾಧಾನ ಮಾಡ್ಕೊಳ್ಳಿ. ನಾನೇ ನೋಡಿದೆ, ನಮ್ಮ ಜೈಲಿನಲ್ಲಿ ಅವರಿಲ್ಲ."

೪. ಗೋಡೆಯ ಫೋನು

ಅತ್ತೆ ಮಾತ್ರೆ, ಫ್ಲಾಸ್ಕಿನಲ್ಲಿ ಹಾಲು, ಡಬ್ಬಿಯಲ್ಲಿ ಉಪ್ಪಿಟ್ಟು ಕಟ್ಟಿಕೊಂಡರು. ಹೊರಡುವಾಗ ನಮ್ಮ ಹಿತ್ತಲಿಗೆ ಹೋಗಿ ಒಂದು ಕೆಂಪು ಗುಲಾಬಿಯನ್ನೂ ಕಿತ್ತುಕೊಂಡು ಬಂದರು. ಹತ್ತಿರದ ಠಾಣೆಗೆ ಹೋದರೆ ಬಾಗಿಲು ಹಾಕಿತ್ತು. ಶನಿವಾರ ಕೌಂಟರ್ ರಜೆಯಂತೆ. ಕಳ್ಳರಿಗೂ ಶನಿವಾರ ರಜೆಯಿರಬೇಕೆಂದು ಬಾಗಿಲಿಗೇ ಬೈದೆ. ಪಕ್ಕದ ಗೋಡೆಯಲ್ಲಿ ಹಳದಿ ಫೋನೊಂದಿತ್ತು, ಎತ್ತಿದೆ. ನಾನು ಹಲೋ ಅಂದಿದ್ದಷ್ಟೆ.

"ಓ, ಬೆಳಿಗ್ಗೆ ಮಾತಾಡಿದವರು ನೀವೇ ಅಲ್ಲವೇ?" ಅಂದಳು ಆ ಹೆಂಗಸು.

೫. ಅಳಿಯನೇ ಇಲ್ಲ

ಸಿಟಿ ಕಡೆಯ ದೊಡ್ಡ ಠಾಣೆ ಮುಟ್ಟಿದಾಗ ಹನ್ನೊಂದೂವರೆ. ಕೌಂಟರಿನ ಪೊಲೀಸನಿಗೆ ಮಾವನ ಪೂರ್ತಿ ಹೆಸರು, ಅವರ ಅಪ್ಪನ ಹೆಸರು, ಊರಿನ ಹೆಸರು, ಎಲ್ಲ ಹೇಳಿದೆ. ಅವನು ಕಂಪ್ಯೂಟರ್ ನೋಡಿ ತಲೆಯಾಡಿಸಿದ. ಅಂಥ ಹೆಸರಿನವರು ಇಲ್ಲ. ಪಾಸ್‌ಪೋರ್ಟ್ ಇದೆಯೇ ಅಂದ. ಪ್ಯಾರಿಸ್ ನೋಡುವ ಆಸೆಗೆ ಅದನ್ನು ವೀಸಾಕ್ಕೆ ಕಳಿಸಿದ್ದೆವು. ನಾನು ದನಿ ಏರಿಸಿದೆ. ಅವನು ಗೋಡೆಯ ಮೇಲಿನ ಬೋರ್ಡು ತೋರಿಸಿದ. ಸಿಬ್ಬಂದಿಯ ಮೇಲೆ ಕೂಗಾಡಬಾರದು ಅಂತ ಬರೆದಿತ್ತು. ಅದಕ್ಕೂ ಸಿಟ್ಟು ಬಂತು.

ಆಗ ಅತ್ತೆ ನನ್ನ ತೋಳು ಜಗ್ಗಿದರು. "ಹೆಸರ ಬಿಡ್ರಿ. ಹಣಿ ಮ್ಯಾಲೆ ಮೂರು ಗೆರಿ ವಿಭೂತಿ, ಕೈಯಾಗ ಹೂವಿನ ಚೀಲ ಅಂತ ಕೇಳ್ರಿ."

ಗೊಣಗುತ್ತಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪೊಲೀಸನ ಮುಖ ಅರಳಿತು. "ಓ, ಗುಲಾಬಿ ಯಜಮಾನರು. ಮೊದಲೇ ಹೇಳಬಾರದೇ?"

ಆಗಿದ್ದು ಇಷ್ಟು. ಯಾರದೋ ತೋಟದ ಬಹುಮಾನದ ಗುಲಾಬಿಗಳನ್ನು ಮಾವ ಕಿತ್ತಿದ್ದಾರೆ. ಮನೆಯವರು ಪೊಲೀಸರನ್ನು ಕರೆದಿದ್ದಾರೆ. ಹೆಸರು, ವಿಳಾಸ ಹೇಳಿದ್ದರೆ ಅಲ್ಲೇ ಎರಡು ಮಾತು ಬೈದು ಬಿಡುತ್ತಿದ್ದರಂತೆ. ಮಾವ ಎರಡನ್ನೂ ಹೇಳಲಿಲ್ಲ. ಹೇಳಿದರೆ ಅಳಿಯನ ಮರ್ಯಾದೆ ಹೋಗುತ್ತದಲ್ಲ, ಅದಕ್ಕೆ. ಹೆಸರಿಲ್ಲದ ಗಂಡಸು ಅಂತ ಬರೆದುಕೊಂಡು ಒಳಗೆ ಕೂರಿಸಿದ್ದರು.

"ನಾನೇ ಅವರ ಅಳಿಯ. ನನ್ನನ್ನು ಒಳಗೆ ಬಿಡಿ," ಅಂದೆ.

ಪೊಲೀಸ ಒಳಗೆ ಹೋಗಿ ಕೇಳಿಕೊಂಡು ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ತನಗೆ ಅಳಿಯನೇ ಇಲ್ಲ ಅಂತಾರಲ್ಲ, ಸರ್."

೬. ಹೆಸರು

ಎಂಟೂವರೆಯಿಂದ ಊರೆಲ್ಲ ಅಲೆದು, ಪಿಟೀಲು ಕೇಳಿ, ಅಮೆರಿಕದ ಕಳ್ಳರ ಮುಖ ನೋಡಿ ಬಂದ ನನಗೆ ಇದು. ಅವರನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿಬಿಡಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಸಾರ್ಜೆಂಟ್ ಒಬ್ಬ ದಾಖಲೆಯ ಹಾಳೆ ಹಿಡಿದು ಹೊರಗೆ ಬಂದ. ಅವನಿಗೂ ಚಿಂತೆಯಾಗಿತ್ತು. ಓದಿದ: "ಎಂಟು ಗಂಟೆ, ಚಹಾ ಕೊಡಲಾಯಿತು, ಬೇಡ ಅಂದರು. ಒಂಬತ್ತು, ಚಹಾ, ಕೈಮುಗಿದು ಬೇಡ ಅಂದರು. ಹತ್ತು, ನೀರು, ಬೇಡ. ಕೊರಳಲ್ಲಿರುವ ಬೆಳ್ಳಿ ಕರಡಿಗೆ ಧಾರ್ಮಿಕ ವಸ್ತು, ತೆಗೆಯಲು ಒಪ್ಪಲಿಲ್ಲ, ಹಾಗೇ ಬಿಡಲಾಯಿತು. ಹನ್ನೊಂದು, ಕೈ ನಡುಗುತ್ತಿದೆ, ಡಾಕ್ಟರಿಗೆ ಹೇಳಿ ಕಳಿಸಲಾಗಿದೆ."

ಕೈ ನಡುಗುವ ಮಾತನ್ನು ನಾನು ಕನ್ನಡದಲ್ಲಿ ಹೇಳಿದ್ದೇ ಅತ್ತೆ ಮಾತ್ರೆಯ ಪೊಟ್ಟಣ ಹೊರಗೆ ತೆಗೆದರು.

"ಹೂವಿನವರು ದೂರು ವಾಪಸ್ ತಗೊಂಡಿದ್ದಾರೆ," ಅಂದ ಸಾರ್ಜೆಂಟ್. "ಬಿಡುವ ದಾಖಲೆಯಲ್ಲಿ ಹೆಸರು ಬರೆಯಬೇಕು, ಅಷ್ಟೆ. ನೀವಲ್ಲ ಸರ್, ನಿಮ್ಮನ್ನು ಅವರು ಒಪ್ಪಿಲ್ಲ. ಈ ಅಮ್ಮ ಹೇಳಲಿ. ನಿಮ್ಮ ಗಂಡನ ಹೆಸರೇನಮ್ಮ?"

ಅತ್ತೆ ನನ್ನ ಕಡೆ ನೋಡಿದರು. ಮದುವೆಯಾದ ನಲವತ್ತಾರು ವರ್ಷಗಳಲ್ಲಿ ಅವರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. "ಇವರು", ಇಲ್ಲವೇ "ಮಾಸ್ತರು". ನಾನು ಹೇಳಿಕೊಡಲು ಬಾಯಿ ತೆರೆದರೆ ಸಾರ್ಜೆಂಟ್ ಬೆರಳೆತ್ತಿ ಸುಮ್ಮನಿರಿಸಿದ. "ಬರೆದು ತೋರಿಸಿ ಅತ್ತೆ," ಅಂದೆ. "ಬರದರ ಹೇಳಿದಂಗ ಅಲ್ಲೇನ್ರಿ," ಅಂದರು. ಗಂಡ ಅಲ್ಲಿ ತನ್ನ ಹೆಸರು ಹೇಳುವುದಿಲ್ಲ, ಹೆಂಡತಿ ಇಲ್ಲಿ ಗಂಡನ ಹೆಸರು ಹೇಳುವುದಿಲ್ಲ, ಹೇಳುತ್ತೇನೆ ಅನ್ನುವ ನನ್ನ ಮಾತು ನಡೆಯುವುದಿಲ್ಲ. ಕೌಂಟರಿಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಅವರ ಕಡೆ ಮದುವೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳಲೇಬೇಕಾದಾಗ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳುತ್ತಾರೆ. ಅಷ್ಟು ಮಂದಿ ಪೊಲೀಸರೆದುರು, ಪರ್ಸ್ ಕಳೆದುಕೊಂಡು ಸಾಲಿನಲ್ಲಿ ನಿಂತವರೆದುರು, ಅತ್ತೆ ರಾಗವಾಗಿ ಶುರು ಮಾಡಿದರು:

"ಹಾರ್ಬೋರ್ನ್ ಓಣ್ಯಾಗ ಅರಳಿತ್ತು ಗುಲಾಬಿ ಹೂವ,
ಪೊಲೀಸರ ಕೋಣ್ಯಾಗ ಸಿಕ್ಕೈತಿ ನನ್ನ ಜೀವ,
ಗುರುಶಾಂತಪ್ಪನವರು ಮುಂಜಾನಿಂದ ನೀರು ಕುಡದಿಲ್ಲರಿ..."

ಅಲ್ಲಿಗೆ ನಿಲ್ಲಿಸಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅರ್ಧ ತೆರೆದ ಬಾಗಿಲಿನಾಚೆಯಿಂದ ಮೇಷ್ಟರ ದನಿಯೊಂದು ಬಂತು:

"ಮೂರನೇ ಸಾಲಿಗೆ ಪ್ರಾಸ ಕೂಡಲಿಲ್ಲ."

"ಏನಂದರು?" ಅಂದ ಸಾರ್ಜೆಂಟ್. ಹೇಳಿದೆ.

"ಹಾಗಾದರೆ ಗಂಡನೇ," ಅಂದು ಹೆಸರು ಬರೆದುಕೊಂಡ.

ಮಾವ ಹೊರಗೆ ಬಂದರು. ಅವರು ಕಿತ್ತ ಹೂಗಳನ್ನು ಪೊಲೀಸರು ಕೊಡಲಿಲ್ಲ. ಅತ್ತೆ ತಂದ ಗುಲಾಬಿಯನ್ನೇ ಏರಿಸಿ, ಠಾಣೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಪೂಜೆ ಮುಗಿಸಿದರು. ಎರಡು ಲೋಟ ನೀರು ಕುಡಿದು, ಉಪ್ಪಿಟ್ಟು ತಿಂದು, ಮಾತ್ರೆ ನುಂಗಿದರು. ಕೈ ನಡುಕ ನಿಂತಿತು. ಆಮೇಲೆ ಕೇಳಿದೆ, ನಮ್ಮ ಹಿತ್ತಲಲ್ಲೇ ಇಷ್ಟು ಗುಲಾಬಿ ಇರುವಾಗ ಪರರ ಮನೆಗೆ ಯಾಕೆ ಹೋದಿರಿ ಅಂತ.

"ಅಳಿಯಂದಿರ ಮನಿ ಹೂವಿಗೆ ಕೈ ಹಚ್ಚಿದ್ರ ನಿಮಗ ಬ್ಯಾಸರ ಆಗಬಾರದಲ್ರಿ," ಅಂದರು.

ಕಾರು ಹೊರಡಿಸಿದೆ. ಬೈಯುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ನಲವತ್ತಾರು ವರ್ಷ ಹಿಡಿದಿಟ್ಟ ಹೆಸರು ಒಮ್ಮೆ ಬಾಯಿಗೆ ಬಂದಿತ್ತಲ್ಲ, ಇನ್ನು ತಡೆಯುವವರು ಯಾರು?

"ಗುರುಶಾಂತಪ್ಪನವರ, ನಿಮಗ ಬುದ್ಧಿ ಐತೇನು? ಗುರುಶಾಂತಪ್ಪನವರ, ನಾಕು ಗುಲಾಬಿಗೆ ನನ್ನ ಪೊಲೀಸರ ಮುಂದ ಹಾಡು ಹೇಳಸಿದ್ರಿ. ಗುರುಶಾಂತಪ್ಪನವರ, ಸತ್ತಿದ್ರ ನಾ ಏನು ಮಾಡಬೇಕಿತ್ತು?"

ಮೊದಲ ಸಿಗ್ನಲ್ ದಾಟುವಾಗ "ನವರ" ಬಿದ್ದುಹೋಯಿತು. ಹಾರ್ಬೋರ್ನ್ ಬರುವ ಹೊತ್ತಿಗೆ ಬರೀ "ಗುರುಶಾಂತ್ಯಾ" ಆಗಿತ್ತು. ಮಾವ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ನನ್ನ ಕಿವಿಯಲ್ಲಿ ಮೆಲ್ಲಗೆ ಅಂದರು:

"ಅಳಿಯಂದಿರ, ಗಾಡಿ ತಿರುವ್ರಿ, ನನ್ನ ಠಾಣಿಗೆ ಬಿಟ್ಟುಬಿಡ್ರಿ. ಅಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರಲಿಲ್ಲ."